ಹತ್ತು ಸಾವಿರ ಹೆಜ್ಜೆ ಮತ್ತು ನಾನು ಬರೆದಿದ್ದ ಒಂದು ಸುದ್ದಿ

"ನಡೆಯೋದಕ್ಕೂ ದುಡ್ಡು ಕೊಡ್ತಾರೇನ್ಲಾ?"

ಸೆಪ್ಟೆಂಬರ್ ತಿಂಗಳು ಪೂರ್ತಿ ದಿನಕ್ಕೆ 10,000 ಹೆಜ್ಜೆ ನಡೀತೀನಿ, ಅದರ ಹೆಸರಲ್ಲಿ ಜನರಿಂದ ದುಡ್ಡು ಸೇರಿಸ್ತೀನಿ ಅಂತ ಮನೆಯಲ್ಲಿ ಹೇಳಿದಾಗ ನಮ್ಮಜ್ಜಿ ಕೇಳಿದ ಮಾತು ಇದು. ಅಜ್ಜಿಗೆ ಎಪ್ಪತ್ತು ದಾಟಿದೆ. ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಡೇರಿಗೆ ಹಾಲು ಹಾಕಿ, ಹೊಲಕ್ಕೆ ಹೋಗಿ ಹುಲ್ಲು ಕೊಯ್ದು ಹೊರೆ ಹೊತ್ತು ತರುವವಳು. ತಮಾಷೆಗೆ ಒಂದು ಭಾನುವಾರ ನನ್ನ ಹಳೇ ಫೋನನ್ನು ಅವಳ ಎಲೆಅಡಿಕೆ ಚೀಲದಲ್ಲಿ ಇಟ್ಟು ಕಳಿಸಿದೆ. ಸಂಜೆ ತೆಗೆದು ನೋಡಿದರೆ 14,212 ಹೆಜ್ಜೆ.

"ಹಂಗಾದ್ರೆ ನಂಗೆಷ್ಟು ಕೊಡ್ತೀಯ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಓದುವ ನಿಮ್ಮಲ್ಲೂ ಎಷ್ಟೋ ಜನ ಹಾಲು ಹಾಕಿ ಬರುವಷ್ಟರಲ್ಲೇ ಸಾವಿರಾರು ಹೆಜ್ಜೆ ಮುಗಿಸಿರುತ್ತೀರಿ. ನಡೆದದ್ದನ್ನು ಸಾಧನೆ ಅಂತ ನಿಮ್ಮ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯೇ. ಆದರೂ ಬರೆಯುತ್ತಿದ್ದೇನೆ. ಆ ಒಂದು ತಿಂಗಳಲ್ಲಿ ನಾನು ಹಿಂದೆ ಮಾಡಿದ್ದ ಒಂದು ತಪ್ಪು ನನ್ನ ಎದುರಿಗೇ ಬಂದು ನಿಂತಿತು. ಅದನ್ನು ಹೇಳದೆ ಇರಲು ಆಗುತ್ತಿಲ್ಲ.

ಅಕ್ಕನ ಮಗ

ನಾನು ಮಾಗಡಿ ಸೀಮೆಯವನು. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೇನೆ. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ನಮ್ಮನ್ನು ಸ್ಟ್ರಿಂಗರ್ ಅಂತಾರೆ.

ನಮ್ಮಕ್ಕ ಮದುವೆಯಾಗಿ ಬೆಂಗಳೂರಿಗೆ ಹೋದವಳು. ಬಸವೇಶ್ವರನಗರದಲ್ಲಿ ಹಾವನೂರು ವೃತ್ತದ ಆಚೆ, ಮೊದಲನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಭಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅವರಿಗೆ ಒಬ್ಬನೇ ಮಗ, ಆರು ವರ್ಷ. ನಾವೆಲ್ಲ ಪುಟ್ಟ ಅಂತೀವಿ.

ಪುಟ್ಟ ಏಳೂವರೆ ತಿಂಗಳಿಗೇ ಹುಟ್ಟಿದ. ಹುಟ್ಟಿದಾಗ ಒಂದೂವರೆ ಕೆಜಿ. ಹಲವು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮನೆಗೆ ಬಂದ ಮೇಲೆ ಆರು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ವರ್ಷವಾದರೂ ಕೂರಲಿಲ್ಲ. ಎತ್ತಿಕೊಂಡರೆ ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಸೇರಿಕೊಂಡು ಬಿಗಿಯಾಗುತ್ತಿದ್ದವು. ತೋರಿಸಿದ ಒಂದು ಆಸ್ಪತ್ರೆಯಲ್ಲಿ "ಕೆಲವು ಮಕ್ಕಳು ನಿಧಾನ, ಕಾಯಿರಿ" ಅಂದರು. ಊರಲ್ಲೂ ಅದೇ ಮಾತು. ಗಂಡುಮಕ್ಕಳು ನಿಧಾನ ಕಣಮ್ಮ ಅಂದರು. ಹರಕೆ ಹೊತ್ತಿದ್ದಾಯ್ತು, ತಾಯತ ಕಟ್ಟಿಸಿದ್ದಾಯ್ತು, ಎಣ್ಣೆ ತಿಕ್ಕಿದ್ದಾಯ್ತು. ಎರಡು ವರ್ಷ ತುಂಬಿದ ಮೇಲೆ ಬೇರೆ ಒಬ್ಬ ಮಕ್ಕಳ ಡಾಕ್ಟರು ನೋಡಿ, ಇದು ಸೆರೆಬ್ರಲ್ ಪಾಲ್ಸಿ ಅಂದರು.

ಹೆಸರು ಕೇಳಿ ನಮಗೆ ಏನೂ ಗೊತ್ತಾಗಲಿಲ್ಲ. ಈಗ ಗೊತ್ತಿರುವಷ್ಟು ಹೇಳುತ್ತೇನೆ. ಮಗು ಹೊಟ್ಟೆಯಲ್ಲಿರುವಾಗ, ಹೆರಿಗೆಯ ಹೊತ್ತಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಮಿದುಳಿಗೆ ಪೆಟ್ಟಾದರೆ ಹೀಗಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ತೀರಾ ಕಡಿಮೆ ಇರುವುದು, ಹುಟ್ಟುವಾಗ ಉಸಿರು ಸಿಗದಿರುವುದು, ಹಸುಗೂಸಿನ ಕಾಮಾಲೆ ವಿಪರೀತ ಏರುವುದು, ಮಿದುಳು ಜ್ವರ ಇವೆಲ್ಲ ಕಾರಣಗಳು. ಕೈಕಾಲಿನಲ್ಲಿ ಹುಳುಕಿಲ್ಲ. ಅವುಗಳನ್ನು ಆಡಿಸುವ ಮಿದುಳಿನ ಭಾಗಕ್ಕೆ ಏಟು ಬಿದ್ದಿದೆ, ಅಷ್ಟೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದ ಪೆಟ್ಟು ದಿನದಿನಕ್ಕೆ ದೊಡ್ಡದಾಗುವುದೂ ಇಲ್ಲ. ಪೂರ್ತಿ ವಾಸಿ ಮಾಡುವ ಔಷಧಿಯೂ ಇಲ್ಲ. ಆದರೆ ಬೇಗ ಶುರು ಮಾಡಿದರೆ ಫಿಸಿಯೊಥೆರಪಿಯಿಂದ, ಮಾತಿನ ತರಬೇತಿಯಿಂದ, ಕಾಲಿಗೆ ಹಾಕುವ ಪಟ್ಟಿಯಿಂದ ಮಗು ಎಷ್ಟೋ ಕಲಿಯುತ್ತದೆ. ತಡವಾದಷ್ಟೂ ಸ್ನಾಯು ಬಿಗಿದುಕೊಂಡು ಕಷ್ಟ ಹೆಚ್ಚಾಗುತ್ತದೆ.

ನಾವು ಹರಕೆ, ಎಣ್ಣೆ ಅಂತ ಒಂದೂವರೆ ವರ್ಷ ಕಳೆದುಬಿಟ್ಟಿದ್ದೆವು.

ಈಗ ಪುಟ್ಟ 16 ಕೆಜಿ. ಸೋಮವಾರ, ಬುಧವಾರ, ಶುಕ್ರವಾರ ವಿಜಯನಗರದ ಕಡೆ ಇರುವ ಒಂದು ಸಣ್ಣ ಥೆರಪಿ ಕೇಂದ್ರಕ್ಕೆ ಅಕ್ಕ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡು ಉಳಿಯಿತು, ಬೆನ್ನು ಉಳಿಯಲಿಲ್ಲ. ಆಗಸ್ಟ್‌ನಲ್ಲಿ ಬೆನ್ನುನೋವು ಬಂದು ಡಾಕ್ಟರು ಭಾರ ಎತ್ತಬಾರದು ಅಂದರು. "ವಾರಕ್ಕೆ ಮೂರು ದಿನ ನಾನು ಬರ್ತೀನಿ ಬಿಡಕ್ಕ" ಅಂದೆ.

ಸವಾಲು ಹುಟ್ಟಿದ ಬಗೆ

ಮಾಗಡಿಯಿಂದ ಬೆಂಗಳೂರಿಗೆ ಸುಮಾರು 50 ಕಿ.ಮೀ. ಬೆಳಗಿನ ಬಸ್ಸಿಗೆ ಹೊರಟು ಸುಮನಹಳ್ಳಿಯಲ್ಲಿ ಇಳಿದು ಅಕ್ಕನ ಮನೆಗೆ ಹೋಗಿ, ಪುಟ್ಟನನ್ನು ಎತ್ತಿಕೊಂಡು ಆಟೊದಲ್ಲಿ ಥೆರಪಿಗೆ ಕರೆದೊಯ್ಯುವುದು. ಅಲ್ಲಿ ಒಂದು ಗಂಟೆ ಕಾಯುವುದು. ಕಾಯುವಾಗ ಅಲ್ಲಿನ ಫಿಸಿಯೊ ಮೇಡಂ ಒಂದು ದಿನ ಆಸ್ಟ್ರೇಲಿಯಾದ ಸುದ್ದಿ ಹೇಳಿದರು.

1945ರಲ್ಲಿ ಸಿಡ್ನಿಯಲ್ಲಿ ಇಂಥ ಮಕ್ಕಳ ತಂದೆತಾಯಿಗಳೇ ಸೇರಿ ಒಂದು ಕೇಂದ್ರ ಕಟ್ಟಿದರಂತೆ. ಅದೇ ಈಗ ಸೆರೆಬ್ರಲ್ ಪಾಲ್ಸಿ ಅಲಯನ್ಸ್ ಅನ್ನುವ ದೊಡ್ಡ ಸಂಸ್ಥೆ. ಅವರು ಪ್ರತಿ ಸೆಪ್ಟೆಂಬರ್‌ನಲ್ಲಿ 'ಸ್ಟೆಪ್‌ಟೆಂಬರ್' ಅಂತ ನಡೆಸುತ್ತಾರೆ. ಸ್ಟೆಪ್ ಅಂದರೆ ಹೆಜ್ಜೆ, ಅದನ್ನು ತಿಂಗಳ ಹೆಸರಿಗೆ ಸೇರಿಸಿದ್ದಾರೆ. ದಿನಕ್ಕೆ 10,000 ಹೆಜ್ಜೆ ನಡೀತೀನಿ ಅಂತ ಮಾತು ಕೊಡುವುದು, ಆ ಮಾತನ್ನು ನೋಡಿ ನೆಂಟರು ಸ್ನೇಹಿತರು ದುಡ್ಡು ಕೊಡುವುದು. ಬೇರೆ ದೇಶಗಳಲ್ಲೂ ಜನ ಇದನ್ನು ಮಾಡುತ್ತಾರೆ.

ಹತ್ತು ಸಾವಿರವೇ ಯಾಕೆ ಅಂತ ಹುಡುಕಿದೆ. ಅದು ಡಾಕ್ಟರುಗಳು ಲೆಕ್ಕ ಹಾಕಿ ಹೇಳಿದ ಸಂಖ್ಯೆ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದಕ್ಕೆ 'ಹತ್ತು ಸಾವಿರ ಹೆಜ್ಜೆ ಮೀಟರ್' ಅನ್ನುವ ಅರ್ಥದ ಹೆಸರಿಟ್ಟಿದ್ದರು. ಆ ಹೆಸರೇ ಪ್ರಪಂಚಕ್ಕೆಲ್ಲ ಹಬ್ಬಿತು. ನನ್ನ ಹೆಜ್ಜೆಯಲ್ಲಿ ಅದು ಹತ್ತಿರ ಹತ್ತಿರ ಏಳು ಕಿ.ಮೀ.

ಆ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಬಹುಪಾಲು ಮಾಗಡಿ ರಸ್ತೆ, ಕೆಂಗೇರಿ, ತಾವರೆಕೆರೆ ಕಡೆಯ ಕೂಲಿ, ಗಾರ್ಮೆಂಟ್ಸ್ ಮನೆಯವರು. ಮೂರು ಮಕ್ಕಳಿಗೆ ಬೆನ್ನು ಕತ್ತು ನಿಲ್ಲಿಸಿ ಕೂರಿಸುವ ಸಿ.ಪಿ. ಕುರ್ಚಿ ಬೇಕಿತ್ತು. ಬಡಗಿಯಿಂದ ಅಳತೆಗೆ ಮಾಡಿಸಿದರೆ ಒಂದಕ್ಕೆ 5,500 ರೂಪಾಯಿ. ನಾಲ್ಕು ಮಕ್ಕಳಿಗೆ ಪಾದ ನೆಟ್ಟಗೆ ಹಿಡಿಯುವ ಪಟ್ಟಿ ಬೇಕಿತ್ತು, ಜೊತೆಗೆ 6,000. ಮಕ್ಕಳು ಬೆಳೆದ ಹಾಗೆ ಪಟ್ಟಿ ಬದಲಿಸುತ್ತಲೇ ಇರಬೇಕು. ಎಲ್ಲ ಸೇರಿ 40,500 ರೂಪಾಯಿ. ನಾನು ನಡೀತೀನಿ ಮೇಡಂ ಅಂದುಬಿಟ್ಟೆ.

ಅಜ್ಜಿಗೆ ಇದನ್ನೆಲ್ಲ ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅವಳೇ ದಾರಿ ಹುಡುಕಿದಳು. "ಮಾದಪ್ಪನ ಬೆಟ್ಟಕ್ಕೆ ನಡಕೊಂಡು ಹೋಗಲ್ವಾ, ಹೋಗೋನ ಕೈಗೆ ಊರೋರು ಕಾಣಿಕೆ ಕೊಟ್ಟು ಕಳಿಸಲ್ವಾ, ಹಂಗೆ." ಸೆರಗಿನ ಗಂಟು ಬಿಚ್ಚಿ 10 ರೂಪಾಯಿ ಕೊಟ್ಟಳು. ಮೊದಲ ಕಾಣಿಕೆ ಅದು.

"ಅವನ ಫೋಟೋ ಹಾಕಬೇಡ"

ದುಡ್ಡು ಕೇಳಲು ಕೂತಾಗ ನನ್ನ ಕೈ ತಾನಾಗಿ ಪುಟ್ಟನ ಫೋಟೋ ಹುಡುಕಿತು. ಥೆರಪಿಯಲ್ಲಿ ಅಳುತ್ತಿರುವ ಒಂದು ಫೋಟೋ ಇತ್ತು. ಅದನ್ನು ವಾಟ್ಸಾಪ್‌ಗೆ ಹಾಕಿದರೆ ಜನ ಕರಗುತ್ತಾರೆ ಅನ್ನುವುದು ನನ್ನ ವೃತ್ತಿ ಕಲಿಸಿದ ಪಾಠ.

ಅಕ್ಕ ನೋಡಿದಳು. "ಅದನ್ನ ಹಾಕಿದ್ರೆ ಈ ಮನೆ ಮೆಟ್ಟಿಲು ಹತ್ತಬೇಡ ಕಣೋ" ಅಂದಳು.

"ಅಕ್ಕ, ಒಳ್ಳೇದಕ್ಕೆ ತಾನೆ?"

"ಆ ಹುಡುಗನ ಫೋಟೋ ಹಾಕಿದ್ದೂ ಒಳ್ಳೇದಕ್ಕೇ ಅಂದಿದ್ದೆ. ನೆನಪೈತಾ?"

ನೆನಪಿತ್ತು. ಎಂಟು ವರ್ಷದ ಹಿಂದಿನ ಮಾತು, ಪುಟ್ಟ ಇನ್ನೂ ಹುಟ್ಟಿರಲಿಲ್ಲ. ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಏಳು ವರ್ಷದ ಹುಡುಗನಿದ್ದಾನೆ, ನಡೆಯಲ್ಲ, ಮಾತಾಡಲ್ಲ ಅಂತ ಕೇಳಿ ಬೈಕಿನಲ್ಲಿ ಹೋಗಿದ್ದೆ. ಚಾಪೆಯ ಮೇಲೆ ಮಲಗಿದ್ದ. ಬಾಯಿಂದ ಜೊಲ್ಲು ಇಳಿದಿತ್ತು. ಫೋಟೋ ತೆಗೆಯುವೆ ಅಂದಾಗ ಅವರಮ್ಮ ಓಡಿಬಂದು ಸೆರಗಿನಿಂದ ಬಾಯಿ ಒರೆಸಲು ಹೋದರು. "ಬೇಡಮ್ಮ, ಹಾಗೇ ಇರಲಿ" ಅಂದವನು ನಾನೇ. 'ವಿಚಿತ್ರ ಕಾಯಿಲೆಗೆ ತುತ್ತಾದ ಬಾಲಕ: ನೆರವಿಗೆ ಮೊರೆ' ಅಂತ ತಲೆಬರಹ ಕೊಟ್ಟೆ. ಡಾಕ್ಟರನ್ನು ಕೇಳಲಿಲ್ಲ. ಕಾಯಿಲೆಯ ಹೆಸರೇನು ಅಂತ ವಿಚಾರಿಸಲಿಲ್ಲ. ಹುಡುಗನಿಗೆ ಬುದ್ಧಿ ಇಲ್ಲ ಅಂತಲೂ ಬರೆದೆ. ಯಾರು ಹೇಳಿದ್ದು ಅಂದರೆ ಅಕ್ಕಪಕ್ಕದವರು. ಸುದ್ದಿ ಒಳಪುಟದಲ್ಲಿ ಮೂರು ಕಾಲಂ ಬಂತು. ಅಕ್ಕನಿಗೇ ಹೆಮ್ಮೆಯಿಂದ ತೋರಿಸಿದ್ದೆ.

ಅದು ಯಾವ ಕಾಯಿಲೆ ಅಂತ ಪುಟ್ಟನನ್ನು ನೋಡುತ್ತ ನೋಡುತ್ತ ನನಗೆ ಎಂದೋ ಗೊತ್ತಾಗಿತ್ತು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ಅಕ್ಕನಿಗೂ ಗೊತ್ತಾಗಿದೆ ಅಂತ ಆ ದಿನ ತಿಳಿಯಿತು.

ಫೋಟೋ ಅಳಿಸಿದೆ. ಬದಲಿಗೆ ದಿನಾ ನನ್ನ ಚಪ್ಪಲಿಯ ಫೋಟೋ ಹಾಕಿದೆ. ಎಲ್ಲಿ ನಡೆದೆ, ಎಷ್ಟು ಹೆಜ್ಜೆ, ಯಾರು ಎಷ್ಟು ಕೊಟ್ಟರು, ಜೊತೆಗೆ ಈ ಕಾಯಿಲೆಯ ಬಗ್ಗೆ ಒಂದು ಸರಿಯಾದ ಮಾಹಿತಿ. ಅಷ್ಟೇ.

ಪತ್ರಕರ್ತ ದುಡ್ಡು ಕೇಳಿದರೆ

ಮೊದಲ ವಾರ ಬಂದದ್ದು 2,300 ರೂಪಾಯಿ. ನಮ್ಮ ಕಡೆ ಪತ್ರಕರ್ತ ದುಡ್ಡಿನ ಮಾತು ಎತ್ತಿದ ಅಂದರೆ ಜನ ಬೇರೇನೇ ಅರ್ಥ ಮಾಡಿಕೊಳ್ಳುತ್ತಾರೆ. ಅವರ ತಪ್ಪಲ್ಲ. ಕಾರ್ಡು ತೋರಿಸಿ ವಸೂಲಿ ಮಾಡುವವರನ್ನು ಎಲ್ಲರೂ ನೋಡಿದ್ದಾರೆ. ಒಬ್ಬ ಕಂಟ್ರಾಕ್ಟರು ಫೋನ್ ಮಾಡಿ, "ಏನು ಸಾರ್, ರೋಡ್ ಕೆಲಸದ ಸುದ್ದಿ ಏನಾದ್ರೂ ಇದೆಯಾ? ಎಷ್ಟು ಹಾಕಲಿ?" ಅಂದ. ಅವನ ದುಡ್ಡು ಬೇಡ ಅಂದೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ನಾನು ಸುದ್ದಿ ಮಾಡುವ ಅಧಿಕಾರಿ, ರಾಜಕಾರಣಿ, ಕಂಟ್ರಾಕ್ಟರು ಯಾರಿಂದಲೂ ಒಂದು ರೂಪಾಯಿ ಬೇಡ. ನನ್ನ ನಂಬರಿಗೆ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಕೇಂದ್ರದ ಕ್ಯೂಆರ್ ಕೋಡು ಮಾತ್ರ. ನೇರವಾಗಿ ಅವರ ಖಾತೆಗೆ ಹೋಗಲಿ.

ಹೀಗೆ ಮಾಡಿದ ಮೇಲೆ ನಂಬಿಕೆ ಬಂತು. ಡೇರಿಯ ಕಾರ್ಯದರ್ಶಿ 101 ಹಾಕಿದ. ನನ್ನ ಜೊತೆ ಡಿಪ್ಲೊಮಾ ಓದಿದವರು ಐನೂರು, ಸಾವಿರ ಹಾಕಿದರು. ಬಸ್ಸಿನಲ್ಲಿ ದಿನಾ ಸಿಗುವ ಕಂಡಕ್ಟರ್ 50 ಹಾಕಿ, "ನಮ್ಮ ಅಣ್ಣನ ಮಗಳೂ ಹಿಂಗೇ ಇದಾಳೆ" ಅಂದರು. ಇದು ನನಗೆ ಆಶ್ಚರ್ಯ ತಂದ ಸಂಗತಿ. ಚಪ್ಪಲಿ ಫೋಟೋ ಹಾಕುತ್ತ ಹೋದ ಹಾಗೆ ನನಗೆ ಗೊತ್ತಿದ್ದ ಜನರೇ, ವರ್ಷಗಟ್ಟಲೆ ಪರಿಚಯ ಇದ್ದವರೇ, ನಮ್ಮ ಮನೆಯಲ್ಲೂ ಒಂದು ಮಗು ಇದೆ ಅಂತ ಹೇಳತೊಡಗಿದರು. ತಿಂಗಳ ಕೊನೆಗೆ ಅಂಥವರು ಹನ್ನೊಂದು ಜನ. ಒಂದೇ ತಾಲ್ಲೂಕಿನಲ್ಲಿ ಹತ್ತು ವರ್ಷ ಸುದ್ದಿ ಹುಡುಕಿದ ನನಗೆ ಆ ಮನೆಗಳು ಕಂಡಿರಲಿಲ್ಲ. ನೆಂಟರು ಬಂದರೆ ಒಳಕೋಣೆಯ ಬಾಗಿಲು ಹಾಕಿಬಿಡುತ್ತಾರೆ. ಹಾಗಿದ್ದರೆ ಯಾರಿಗೆ ಕಾಣಬೇಕು?

ಗಾಲಿಕುರ್ಚಿಯ ದಿನ

ಹೆಜ್ಜೆಗಳ ವಿಷಯ ಹೆಚ್ಚು ಹೇಳುವುದಿಲ್ಲ. ಸುಮನಹಳ್ಳಿಯಿಂದ ಬಸವೇಶ್ವರನಗರ, ಥೆರಪಿಯ ಗಂಟೆಯಲ್ಲಿ ವಿಜಯನಗರದ ಮಾರುತಿ ಮಂದಿರದ ಸುತ್ತಮುತ್ತ, ಸಂಜೆ ಕೆಲವೊಮ್ಮೆ ಕಾರ್ಡ್ ರೋಡ್ ಹಿಡಿದು ರಾಜಾಜಿನಗರದ ನವರಂಗ್ ತನಕ. ಭಾನುವಾರ ಜ್ಞಾನಭಾರತಿಯ ಮರಗಳ ನಡುವೆ. ಉಳಿದ ದಿನ ನಮ್ಮೂರಿನ ಕೆರೆ ಏರಿ. ಮಳೆ ಬಂದರೆ ಬಸ್ ಸ್ಟಾಂಡಿನ ಒಳಗೇ ಸುತ್ತಿದೆ. ಜ್ವರ ಬಂದು ಒಂದು ದಿನ ತಪ್ಪಿತು, ಅಪಘಾತದ ಸುದ್ದಿಗೆ ಓಡಿ ಇನ್ನೊಂದು ದಿನ ತಪ್ಪಿತು.

ಮೂರನೇ ವಾರದಲ್ಲಿ ಅಕ್ಕ ಒಂದು ಮಾತು ಹೇಳಿದಳು. "ನೀನು ಒಬ್ಬನೇ ನಡೆದು ಏನು ಬಂತು? ಇವನನ್ನೂ ಕರಕೊಂಡು ನಡಿ ನೋಡೋಣ." ಕೇಂದ್ರದಿಂದ ಒಂದು ಹಳೇ ಗಾಲಿಕುರ್ಚಿ ಕೇಳಿ ತಂದೆವು. ಪುಟ್ಟನನ್ನು ಬೆಲ್ಟು ಕಟ್ಟಿ ಕೂರಿಸಿ, ಹಾವನೂರು ವೃತ್ತದಿಂದ ಹೊಸಹಳ್ಳಿ ಮೆಟ್ರೊ ನಿಲ್ದಾಣದ ಕಡೆಗೆ ಹೊರಟೆ. ಹಿಂದುಳಿದ ವರ್ಗಗಳ ಆಯೋಗದ ವರದಿ ಕೊಟ್ಟ ಎಲ್.ಜಿ. ಹಾವನೂರರ ಹೆಸರಿನ ವೃತ್ತ ಅದು. ಅಲ್ಲಿಂದ ನಿಲ್ದಾಣಕ್ಕೆ ನಾನು ಒಬ್ಬನೇ ಆದರೆ ಅರ್ಧ ಗಂಟೆ ಸಾಕು.

ಆ ದಿನ ಒಂದು ಗಂಟೆ ಹದಿನೈದು ನಿಮಿಷ ಹಿಡಿಯಿತು. ಫುಟ್‌ಪಾತು ಮೊಣಕಾಲೆತ್ತರ. ಹೇಗೋ ಹತ್ತಿಸಿದರೆ ಇಪ್ಪತ್ತು ಮಾರಿಗೆ ಟ್ರಾನ್ಸ್‌ಫಾರ್ಮರ್ ಕಂಬ. ಇಳಿಸಿ ರಸ್ತೆಗೆ ಬಂದರೆ ಹಿಂದಿನಿಂದ ಹಾರ್ನು. ಮತ್ತೆ ಹತ್ತಿಸಿದರೆ ಬೈಕು ಹತ್ತದ ಹಾಗೆ ನೆಟ್ಟ ಕಬ್ಬಿಣದ ಗೂಟ. ಗಾಲಿಕುರ್ಚಿಯೂ ಹೋಗದು. ಕಲ್ಲು ಚಪ್ಪಡಿ ಎದ್ದಿರುವಲ್ಲಿ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಂಡು ಪುಟ್ಟ ಮುಂದಕ್ಕೆ ಮುಗ್ಗರಿಸಿದ. ಇದೇ ದಾರಿಯಲ್ಲಿ ಹತ್ತಾರು ಸಲ ನಡೆದಿದ್ದೆ, ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಳನೀರು ಮಾರುವವರೊಬ್ಬರು ಕತ್ತಿ ಕೆಳಗಿಟ್ಟು ಬಂದು ಮಾಗಡಿ ರಸ್ತೆ ದಾಟಿಸಿಕೊಟ್ಟರು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ನಾನೇ ಸುದ್ದಿ ಬರೆದಿದ್ದೆ. ಹಿಂದೆ 7 ಬಗೆಯ ಅಂಗವೈಕಲ್ಯ ಇದ್ದದ್ದು 21 ಆಯಿತು ಅಂತ. ಸಾರ್ವಜನಿಕ ಕಟ್ಟಡಗಳಿಗೆಲ್ಲ ಇವರು ಹೋಗಿಬರುವ ಹಾಗೆ ಐದು ವರ್ಷದಲ್ಲಿ ಸರಿಮಾಡಬೇಕು ಅಂತಲೂ ಅದರಲ್ಲಿದೆ. 2017ರಲ್ಲಿ ನಿಯಮ ಬಂತು, 2022ಕ್ಕೆ ಗಡುವು ಮುಗಿಯಿತು. ಗಡುವು ಮುಗಿದದ್ದು ನನಗೆ ಗೊತ್ತಾಗಿದ್ದು ಆ ಫುಟ್‌ಪಾತಿನಲ್ಲಿ.

ಮೆಟ್ರೊ ಒಳಗೆ ಮಾತ್ರ ಬೇರೆ ಲೋಕ. ಲಿಫ್ಟು ಇದೆ, ರೈಲಿನ ಬಾಗಿಲಿಗೂ ಪ್ಲಾಟ್‌ಫಾರಂಗೂ ಒಂದೇ ಮಟ್ಟ. ಸಿಬ್ಬಂದಿಯೊಬ್ಬರು ಬಂದು ಹತ್ತಿಸಿದರು. ಪುಟ್ಟ ಮೊದಲ ಸಲ ಯಾರ ಸೊಂಟದ ಮೇಲೂ ಕೂರದೆ ಪ್ರಯಾಣ ಮಾಡಿದ. ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ ದಾಟಿ ಕೆಂಗೇರಿಯ ತನಕ ಹತ್ತು ನಿಲ್ದಾಣ. ಪ್ರತಿ ನಿಲ್ದಾಣದ ಹೆಸರು ಕೂಗಿದಾಗಲೂ ಅವನದೇ ದನಿಯಲ್ಲಿ ಅದನ್ನು ಹೇಳಲು ನೋಡುತ್ತಿದ್ದ. ಮಾತು ಸ್ಪಷ್ಟ ಇಲ್ಲ. ಆದರೆ ವಾಪಸ್ ಬರುವಾಗ ಮುಂದಿನ ನಿಲ್ದಾಣ ಯಾವುದು ಅಂತ ನಾನು ಬೇಕೆಂದೇ ತಪ್ಪು ಹೇಳಿದರೆ ತಲೆ ಅಲ್ಲಾಡಿಸಿ ಇಲ್ಲ ಅನ್ನುತ್ತಿದ್ದ. ಒಂದೇ ಸಲ ಕೇಳಿ ಹತ್ತೂ ಹೆಸರು ಸಾಲಾಗಿ ನೆನಪಿಟ್ಟಿದ್ದ.

ಕೈಕಾಲು ಬಾಯಿ ಹೇಳಿದಂತೆ ಕೇಳದಿದ್ದರೆ ಬುದ್ಧಿಯೂ ಇಲ್ಲ ಅಂತ ನಾವು ಎಷ್ಟು ಸಲೀಸಾಗಿ ಅಂದುಕೊಳ್ಳುತ್ತೇವೆ. ಕೆಲವು ಮಕ್ಕಳಿಗೆ ಕಲಿಯುವ ತೊಂದರೆ ಇರುವುದು ನಿಜ. ಆದರೆ ಎಷ್ಟೋ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ, ಹೇಳಲು ಆಗುವುದಿಲ್ಲ ಅಷ್ಟೆ. ಮುಂಬೈನ ಮಾಲಿನಿ ಚಿಬ್ ಅವರಿಗೆ ಇದೇ ಸೆರೆಬ್ರಲ್ ಪಾಲ್ಸಿ. ಒಂದೇ ಬೆರಳಿನಿಂದ ಟೈಪ್ ಮಾಡಿ ತಮ್ಮ ಕತೆ ಬರೆದಿದ್ದಾರೆ, ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದಿದ್ದಾರೆ. ಅವರ ತಾಯಿ ಮಿಥು ಅಲೂರ್ ಮಗಳನ್ನು ಸೇರಿಸುವ ಶಾಲೆ ಇಲ್ಲದೆ 1972ರಲ್ಲಿ ತಾವೇ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರು ಮಾಡಿದರು.

ನಮ್ಮ ಬೆಂಗಳೂರಿನಲ್ಲೂ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಪೋಲಿಯೊ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆ ಲಿಂಗರಾಜಪುರದಲ್ಲಿದೆ. ಎರಡೂ ನಗರದ ಆ ತುದಿಗೆ. ಮಾಗಡಿ ರಸ್ತೆಯವರಿಗೆ ಹಿಂದೆ ಅಲ್ಲಿಗೆ ಹೋಗಿಬರುವುದೇ ಒಂದು ದಿನದ ಕೆಲಸವಾಗಿತ್ತು. ಈಗ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟ, ಕೆಂಗೇರಿ, ವಿಜಯನಗರದಿಂದ ಇಂದಿರಾನಗರಕ್ಕೆ ಒಂದೇ ರೈಲು. ಬೇಕಾದವರು ನೆನಪಿಟ್ಟುಕೊಳ್ಳಿ.

ಎಂಟು ವರ್ಷದ ನಂತರ

ಸೆಪ್ಟೆಂಬರ್ 30ಕ್ಕೆ ಲೆಕ್ಕ ಮುಗಿಯಿತು. ಒಟ್ಟು 3,14,600 ಹೆಜ್ಜೆ. 127 ಜನರಿಂದ 41,320 ರೂಪಾಯಿ. ಮೂರು ಕುರ್ಚಿ, ನಾಲ್ಕು ಜೊತೆ ಪಟ್ಟಿಗೆ 40,500 ಹೋಗಿ 820 ಉಳಿಯಿತು. ಅದರಲ್ಲಿ ಆ ಹಳೇ ಗಾಲಿಕುರ್ಚಿಗೆ ಹೊಸ ಟಯರು ಹಾಕಿಸಿದರು. ರಸೀದಿಗಳನ್ನು ಎಲ್ಲರಿಗೂ ಕಳಿಸಿದೆ.

ಅಕ್ಟೋಬರ್ 6 ವಿಶ್ವ ಸೆರೆಬ್ರಲ್ ಪಾಲ್ಸಿ ದಿನ. ಆ ದಿನ ನಾನು ಸುದ್ದಿ ಬರೆಯಲಿಲ್ಲ. ಬೈಕು ತೆಗೆದುಕೊಂಡು ಎಂಟು ವರ್ಷದ ಹಿಂದೆ ಹೋಗಿದ್ದ ಆ ಮನೆಗೆ ಹೋದೆ.

ಹುಡುಗನಿಗೆ ಈಗ ಹದಿನೈದು. ಜಗಲಿಯ ಗೋಡೆಗೆ ದಿಂಬು ಒತ್ತರಿಸಿ ಕೂರಿಸಿದ್ದರು. ಕಾಲು ಮಡಿಚಿದ ಹಾಗೇ ಬಿಗಿದುಹೋಗಿದೆ. ಅವರಮ್ಮ ನನ್ನ ಗುರುತು ಹಿಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಫಿ ಕೊಟ್ಟರು. "ನೀವು ಬರೆದ್ಮೇಲೆ ಯಾರೋ ಪುಣ್ಯಾತ್ಮರು ಆರು ಸಾವಿರ ಕಳಿಸಿದ್ರು ಸಾರ್. ಆಸ್ಪತ್ರೆ ಅಂತ ಓಡಾಡಿ ಖರ್ಚಾಯ್ತು" ಅಂದರು.

ನಾನು ಬಂದ ಕಾರಣ ಹೇಳಿದೆ. ಅವತ್ತು ಬಾಯಿ ಒರೆಸಲು ಬಿಡಲಿಲ್ಲ, ಬುದ್ಧಿ ಇಲ್ಲ ಅಂತ ಬರೆದೆ, ಎರಡೂ ತಪ್ಪು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅವನಿಗೆ ಎಲ್ಲ ಅರ್ಥ ಆಯ್ತದೆ ಸಾರ್. ಪೇಪರ್ ಬಂದ ದಿನ ಅವರಕ್ಕ ಗಟ್ಟಿಯಾಗಿ ಓದಿದ್ಳು. ಅವತ್ತು ರಾತ್ರಿ ಉಣ್ಣಲೇ ಇಲ್ಲ. ಯಾಕೆ ಅಂತ ನಮಗೆ ಆಮೇಲೆ ಗೊತ್ತಾಯ್ತು."

ಹುಡುಗ ನನ್ನನ್ನೇ ನೋಡುತ್ತಿದ್ದ. ಅವನ ಪಕ್ಕ ಕೂತು, ಅವನಿಗೇ ಹೇಳಿದೆ. ನಿನ್ನನ್ನು ಕೇಳದೆ ಫೋಟೋ ತೆಗೆದೆ, ತಪ್ಪಾಯ್ತು ಕಣಪ್ಪ ಅಂದೆ. ಅವನು ಮುಖ ಆ ಕಡೆ ತಿರುಗಿಸಿದ. ಕ್ಷಮಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಕ್ಷಮಿಸಲೇಬೇಕು ಅಂತ ಏನಿಲ್ಲ.

ಆಮೇಲೆ ಕಾಗದಪತ್ರ ಕೇಳಿದೆ. ಯುಡಿಐಡಿ ಕಾರ್ಡು ಇಲ್ಲ. ಶಾಲೆಯ ಮೇಷ್ಟ್ರು ಮನೆಗೆ ಬಂದು ಪಾಠ ಹೇಳಬಹುದು ಅಂತ ಯಾರೂ ಹೇಳಿಲ್ಲ. ಮಾಸಾಶನಕ್ಕೆ ಒಮ್ಮೆ ಅರ್ಜಿ ಹಾಕಿ, ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಬಂದಿದೆ. ಎಂಟು ವರ್ಷದ ಹಿಂದೆ ನಾನು ಮೂರು ಕಾಲಂ ಕಣ್ಣೀರಿನ ಬದಲು ಈ ನಾಲ್ಕು ಸಾಲು ಮಾಹಿತಿ ಬರೆದಿದ್ದರೆ ಆ ಮನೆಗೆ ಆರು ಸಾವಿರಕ್ಕಿಂತ ಹೆಚ್ಚು ಸಿಗುತ್ತಿತ್ತು. ಅಲ್ಲಿಂದಲೇ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಫೋನ್ ಮಾಡಿದೆ. ಆ ಕೆಲಸ ಈಗ ನಡೆಯುತ್ತಿದೆ. ಅವನ ಅಳತೆಗೆ ಒಂದು ಕುರ್ಚಿಯನ್ನೂ ಬಡಗಿಗೆ ಹೇಳಿದ್ದೇನೆ. ಅದರ ದುಡ್ಡು ನನ್ನದೇ.

ಅದಕ್ಕೆ ಆ ನಾಲ್ಕು ಸಾಲನ್ನು ಇಲ್ಲಿ ಬರೆದುಬಿಡುತ್ತೇನೆ.

ಮಗುವಿಗೆ ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಎಂಟೊಂಬತ್ತು ತಿಂಗಳಾದರೂ ಕೂರದಿದ್ದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ, ವರ್ಷದೊಳಗೇ ಒಂದು ಕೈ ಬಿಟ್ಟು ಒಂದೇ ಕೈ ಬಳಸುತ್ತಿದ್ದರೆ, ಕಾಲು ಕತ್ತರಿಯಂತೆ ಸೇರಿಕೊಳ್ಳುತ್ತಿದ್ದರೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳ ತಪಾಸಣೆ, ಚಿಕಿತ್ಸೆ ಉಚಿತ. ಒಬ್ಬರು ಕಾಯಿರಿ ಅಂದರೆ ಇನ್ನೊಬ್ಬರನ್ನು ಕೇಳಿ.

ಯುಡಿಐಡಿ ಕಾರ್ಡು ಮೊದಲು ಮಾಡಿಸಿ. ಮಾಸಾಶನ, ಬಸ್ ಪಾಸು ಎಲ್ಲಕ್ಕೂ ಅದು ಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು., ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಅಂತ ಕಾರ್ಯಕರ್ತರಿರುತ್ತಾರೆ. ಅರ್ಜಿ ಹಾಕಿಸುವುದು ಅವರ ಕೆಲಸ. ಗಾಲಿಕುರ್ಚಿ, ಸಿ.ಪಿ. ಕುರ್ಚಿಗೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯ ಶಿಬಿರ ಯಾವಾಗ ಅಂತ ಅವರನ್ನೇ ಕೇಳಿ.

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ 'ನಿರಾಮಯ' ಅನ್ನುವ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ.

6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ ಈ ಮಕ್ಕಳ ಹಕ್ಕು. ಶಾಲೆಗೆ ಹೋಗಲು ಆಗದಿದ್ದರೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ. ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಕೇಳಿ.

ಈ ಸೆಪ್ಟೆಂಬರ್‌ಗೂ ನಡೆಯುತ್ತೇನೆ. ನಿಮ್ಮಿಂದ ದುಡ್ಡು ಬಂದರೆ ಸಂತೋಷ, ಬರದಿದ್ದರೂ ಪರವಾಗಿಲ್ಲ. ನಿಮ್ಮ ಬೀದಿಯಲ್ಲಿ ನೆಂಟರು ಬಂದಾಗ ಬಾಗಿಲು ಹಾಕುವ ಮನೆ ಇದ್ದರೆ ಒಮ್ಮೆ ಹೋಗಿ ಮಾತಾಡಿಸಿ. ಮಗುವಿನ ಜೊತೆಯಲ್ಲೂ ಮಾತಾಡಿ. ಫೋಟೋ ಮಾತ್ರ ತೆಗೆಯಬೇಡಿ.

ಅಜ್ಜಿ ಈ ಸಲ 20 ರೂಪಾಯಿ ಕೊಡುತ್ತಾಳಂತೆ. ಆದರೆ ಹೆಜ್ಜೆ ಎಣಿಸುವ ಫೋನು ತನಗೂ ಒಂದು ಬೇಕಂತೆ.